ಗಾಳಿ ಮತ್ತು ಗಾಲಿ

ಗಾಳಿಗೂ ಗಾಲಿಗೂ ನಡುವಣ ಅಂತರವು ಕನ್ನಡದಲ್ಲಿ ನಾಲಗೆಯ ಒಂದು ಮಡಿಕೆಯಷ್ಟೆ. ಸೈಕಲ್ ಪಂದ್ಯದಲ್ಲಾದರೋ ಅದು ಒಬ್ಬನ ಎದೆಯೊಡೆಯುವುದಕ್ಕೂ ಅವನ ಹಿಂದಿರುವವನು ಸಾವಕಾಶವಾಗಿ ನೀರು ಗುಟುಕರಿಸುವುದಕ್ಕೂ ಇರುವ ಅಂತರ. ನಮ್ಮ ತಂಡದಲ್ಲಿ ಜಮಖಂಡಿಯ ಕಡೆಯ ಹಿರಿಯ ಗೆಳೆಯರೊಬ್ಬರಿದ್ದಾರೆ. ಹರೆಯದಲ್ಲಿ ಜಾತ್ರೆಯ ಪಂದ್ಯಗಳಲ್ಲಿ ಕಬ್ಬಿಣದ ಕರಿಯ ಸೈಕಲ್ಲನ್ನು ತುಳಿದು ಹಿತ್ತಾಳೆಯ ಕೊಡಗಳನ್ನು ಗೆದ್ದವರು. ಈಗ ಅವರಿಗೆ 58. ಪಂದ್ಯಕ್ಕೆ ಮುಂಚೆ ನಾವು ಉಳಿದ ನಾಲ್ವರು ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ ನಿಂತು ದಾರಿಯ ಏರಿಳಿತ, ಗಾಳಿಯ ದಿಕ್ಕು, ಎದುರಾಳಿಗಳ ಬಲಾಬಲ ಇವನ್ನೆಲ್ಲ ಕಾಲುಗಂಟೆ ಚರ್ಚಿಸಿದ ಮೇಲೆ ಅವರು ಶಿರಸ್ತ್ರಾಣದ ಪಟ್ಟಿಯನ್ನು ಗದ್ದಕ್ಕೆ ಬಿಗಿದುಕೊಳ್ಳುತ್ತ ಆಡುವುದು ಎರಡೇ ಮಾತು: “ಗಾಲಿ ಬಿಡಬ್ಯಾಡ್ರಿ ಸರ. ಗಾಳಿಗೆ ನಾ ಅದೀನಿ.” ವ್ಯೂಹರಚನೆಯೆಂಬ ಶಾಸ್ತ್ರದಲ್ಲಿ ಇದಕ್ಕೆ ಮೀರಿದ ಅಧ್ಯಾಯವಿಲ್ಲವೆಂದು ನಾನು ಹಲವು ವರ್ಷ ನಂಬಿದ್ದೆನು, ಆ ಎರಡು ಮಾತಿನೊಳಗೆ ನೀತಿಶಾಸ್ತ್ರದ ಕಠಿನವಾದ ಪ್ರಶ್ನೆಯೊಂದು ಹುದುಗಿದೆಯೆಂಬುದು ತಡವಾಗಿ ಹೊಳೆಯಿತು.

ಐವತ್ತು ದಾಟಿದ ಗೃಹಸ್ಥನೊಬ್ಬನು ಭಾನುವಾರ ನಸುಕಿನ ನಾಲ್ಕಕ್ಕೆ ಎದ್ದು, ಪ್ರವೇಶಶುಲ್ಕವನ್ನು ತಾನೇ ತೆತ್ತು, 60 ಕಿಲೋಮೀಟರ್ ದೂರವನ್ನು ಏದುಸಿರು ಬಿಡುತ್ತ ತುಳಿದು, ಇಪ್ಪತ್ತೆರಡನೆಯವನಾಗಿ ಮುಗಿಸಿ, ಆಮೇಲೆ ಎರಡು ದಿವಸ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ಕಂಡ ಮನೆಯವರು, ಇರಲಾರದೆ ಇರುವೆ ಬಿಟ್ಟುಕೊಂಡರೆಂಬ ಗಾದೆಯನ್ನು ನೆನೆದರೆ ಅದರಲ್ಲಿ ತಪ್ಪಿಲ್ಲ. ಆಕ್ಷೇಪಣೆ ಎರಡು ಬಗೆಯದು. ದುಡ್ಡು ಕೊಟ್ಟು ಕಷ್ಟವನ್ನು ಕೊಂಡುಕೊಳ್ಳುವುದು ಹೊಟ್ಟೆ ತುಂಬಿದವರ ವಿಲಾಸವಲ್ಲವೆ ಎಂಬುದು ಮೊದಲನೆಯದು. ನಾವು ಬೆವರು ಸುರಿಸುವ ರಸ್ತೆಯ ಅಂಚಿನಲ್ಲಿಯೇ ಹಿಪ್ಪುನೇರಳೆಯ ಸೊಪ್ಪಿನ ಹೊರೆ ಹೊತ್ತು ನಡೆಯುವ ಹೆಂಗಸರನ್ನು ನೋಡಿದಾಗ ನನಗೂ ಹಾಗೆನಿಸಿದ್ದುಂಟು. ಇಷ್ಟು ಕಷ್ಟಪಟ್ಟ ಮೇಲೆ ಫಲವನ್ನಾದರೂ ತಾನುಣ್ಣದೆ, ತನ್ನ ತಂಡದ ಇನ್ನೊಬ್ಬನು ಗೆಲ್ಲಲೆಂದು ಕಡೆಗಳಿಗೆಯಲ್ಲಿ ಪಕ್ಕಕ್ಕೆ ಸರಿಯುವುದು ಯಾವ ಬುದ್ಧಿವಂತಿಕೆ ಎಂಬುದು ಎರಡನೆಯದು. ಸಂಬಳಕ್ಕೆ ಓಡಿಸುವವರು ಹಾಗೆ ಮಾಡಿದರೆ ಅರ್ಥವಾದೀತು. ಹವ್ಯಾಸಿಗಳು, ಅದರಲ್ಲಿಯೂ ನರೆಗೂದಲಿನವರು ಅದನ್ನು ಅನುಕರಿಸುವುದು ಮಕ್ಕಳು ಅಪ್ಪನ ಚಪ್ಪಲಿ ಮೆಟ್ಟಿ ನಡೆದಂತೆ ಹಾಸ್ಯಾಸ್ಪದವಲ್ಲವೆ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದರೆ ಎರಡಕ್ಕೂ ಉತ್ತರವಿಲ್ಲ; ಒಟ್ಟಿಗೆ ಕೇಳಿದರೆ ಮೊದಲನೆಯದರ ಉತ್ತರವು ಎರಡನೆಯದರೊಳಗೇ ದೊರೆಯುತ್ತದೆಂದು ನನ್ನ ವಾದ.

ಈಚೆಗೆ ಈ ಆಟದ ಸುತ್ತ ನೋವಿನದೊಂದು ಮತವೇ ಬೆಳೆದಿದೆ. ಅಂಗಿಗಳ ಬೆನ್ನಿನ ಮೇಲೆ, ನೀರಿನ ಬಾಟಲಿಗಳ ಮೇಲೆ ಸಂಕಟವನ್ನು ಸ್ತುತಿಸುವ ವಾಕ್ಯಗಳು ಅಚ್ಚಾಗಿರುತ್ತವೆ. ಹೆಚ್ಚು ಬಳಲಿದವನು ಹೆಚ್ಚು ಪರಿಶುದ್ಧನಾದನೆಂಬ ಧಾಟಿಯಲ್ಲಿ ಮಾತು ನಡೆಯುತ್ತದೆ. ಇದನ್ನು ನಾನು ಒಪ್ಪೆನು. ನೋವು ತನ್ನಷ್ಟಕ್ಕೆ ಯಾವ ಗುಣವನ್ನೂ ಬೆಳೆಸುವುದಿಲ್ಲ. ಬಹುಮಟ್ಟಿಗೆ ಅದು ಮನುಷ್ಯನನ್ನು ಸಿಡುಕನನ್ನಾಗಿಯೂ ಸ್ವಾರ್ಥಿಯನ್ನಾಗಿಯೂ ಮಾಡುತ್ತದೆ. ನಮ್ಮ ತಂಡದಲ್ಲೊಬ್ಬರು ದಂತವೈದ್ಯರು. ಇಪ್ಪತ್ತು ವರ್ಷದ ವೃತ್ತಿಯಲ್ಲಿ ಹಲ್ಲುನೋವು ಒಬ್ಬನನ್ನಾದರೂ ಋಷಿಯನ್ನಾಗಿ ಮಾಡಿದ್ದನ್ನು ತಾವು ಕಾಣಲಿಲ್ಲವೆಂದು ಅವರು ಹೇಳುತ್ತಾರೆ. ಹಲ್ಲುನೋವಿನ ಇನ್ನೊಂದು ಲಕ್ಷಣವೆಂದರೆ ಅದನ್ನು ಮತ್ತೊಬ್ಬರು ಹೊರಲಾರರು. ಮಗುವಿನ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತ ತಾಯಿ, ಆ ಜ್ವರ ತನಗಾದರೂ ಬರಬಾರದಿತ್ತೆ ಎಂದು ಮನಸಾರ ಹಂಬಲಿಸಿದರೂ ಅರ್ಧ ಡಿಗ್ರಿಯಷ್ಟನ್ನೂ ತನ್ನ ಮೈಗೆ ತೆಗೆದುಕೊಳ್ಳಲಾರಳು. ‘ನಿನ್ನ ಕಷ್ಟಕ್ಕೆ ನಾನಿದ್ದೇನೆ’ ಎಂಬುದು ನಮ್ಮ ಭಾಷೆಯ ಅತ್ಯಂತ ಪ್ರೀತಿಯ ಮಾತುಗಳಲ್ಲೊಂದು. ಶರೀರಕಷ್ಟದ ಮಟ್ಟಿಗೆ ಅದು ಅತ್ಯಂತ ನಿರರ್ಥಕವಾದದ್ದೂ ಹೌದು. ಈ ನಿಯಮಕ್ಕೆ ಅಪವಾದವೆನ್ನಬಹುದಾದ ಒಂದು ಸ್ಥಳವನ್ನು ನಾನು ಬಲ್ಲೆನು. ಅದು ಮುಂದೆ ಹೋಗುವ ಸೈಕಲ್ಲಿನ ಹಿಂದೆ ಒಂದು ಗೇಣಿನಷ್ಟು ಅಗಲದ ಜಾಗ.

ಕಾರಣವು ಭೌತಶಾಸ್ತ್ರದಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನಿಗೆ ಒದಗುವ ತಡೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಗಾಳಿಯದು. ಟೈರು ನೆಲವನ್ನುಜ್ಜುವುದು, ಚೈನು ತಿರುಗುವುದು ಎಲ್ಲ ಸೇರಿ ಉಳಿದ ಅಲ್ಪಾಂಶ. ಗಾಳಿಯ ತಡೆಯು ವೇಗದ ವರ್ಗಕ್ಕನುಸಾರವಾಗಿಯೂ, ಅದನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕನುಸಾರವಾಗಿಯೂ ಏರುವುದರಿಂದ, 32ರ ವೇಗದಿಂದ 40ಕ್ಕೆ ಹೋಗಬಯಸುವವನು ಕಾಲುಭಾಗ ವೇಗಕ್ಕಾಗಿ ಹೆಚ್ಚುಕಡಿಮೆ ಎರಡರಷ್ಟು ಕಂದಾಯವನ್ನು ಗಾಳಿಗೆ ತೆರಬೇಕಾಗುತ್ತದೆ. ಇನ್ನೊಬ್ಬನ ಹಿಂದಿನ ಗಾಲಿಗೆ ತನ್ನ ಮುಂದಿನ ಗಾಲಿಯನ್ನು ಹತ್ತಿಸಿಕೊಂಡವನಿಗೆ ಇದರಲ್ಲಿ ಸುಮಾರು ಮೂರನೆಯ ಒಂದು ಪಾಲು ಉಳಿತಾಯ. ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾನಿಲಯದ ಬರ್ಟ್ ಬ್ಲಾಕನ್ ಮತ್ತು ಅವರ ಸಂಗಡಿಗರು 121 ಸವಾರರ ದಟ್ಟವಾದ ಗುಂಪೊಂದರ ಮಾದರಿಯನ್ನು ಗಣಕದಲ್ಲಿಯೂ ಗಾಳಿಸುರಂಗದಲ್ಲಿಯೂ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಗುಂಪಿನ ಒಡಲೊಳಗೆ ಹುದುಗಿದವನಿಗೆ ತಗಲುವ ತಡೆಯು ಒಬ್ಬಂಟಿ ಸವಾರನಿಗಾಗುವುದರ ನೂರಕ್ಕೆ 5ರಿಂದ 10 ಪಾಲು ಮಾತ್ರ. ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು: ಹಿಂದೆ ಹತ್ತಿರದಲ್ಲಿ ಒಬ್ಬನಿದ್ದರೆ ಮುಂದಿನವನ ಬೆನ್ನಹಿಂದಿನ ಸುಳಿಯು ತುಸು ತುಂಬಿ, ಅವನಿಗೂ ನೂರಕ್ಕೆ ಎರಡರಷ್ಟು ಹಗುರವಾಗುತ್ತದೆ. ಪ್ರಕೃತಿಯ ಈ ಜಿಪುಣ ಪ್ರತ್ಯುಪಕಾರವನ್ನು ಓದಿದ ದಿನ ನಾನು ಒಬ್ಬನೇ ನಕ್ಕೆನು.

ಹೀಗೆ ಒಬ್ಬನ ಆಯಾಸವನ್ನು ಇನ್ನೊಬ್ಬನು ಅಳೆದು ತೂಗಿ ತನ್ನ ಮೇಲೆ ಹಾಕಿಕೊಳ್ಳಬಹುದೆಂಬ ಸಂಗತಿಯನ್ನು ಈ ಕ್ರೀಡೆಯ ಮಹಾಪುರುಷನೊಬ್ಬನು ಬಾಳಿನುದ್ದಕ್ಕೂ ಕ್ಷಮಿಸಲಿಲ್ಲ. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆಂರಿ ದೆಗ್ರಾಂಜನು ತಾನೇ ಹಿಂದೆ 1893ರಲ್ಲಿ, ಪ್ಯಾರಿಸಿನ ಬಫೆಲೊ ಪಥದಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ಕ್ರಮಿಸಿ ಆ ಬಗೆಯ ಮೊದಲ ಅಧಿಕೃತ ದಾಖಲೆಯನ್ನು ಸ್ಥಾಪಿಸಿದವನು. ಗಡಿಯಾರದ ಹೊರತು ಸಂಗಾತಿಯಿಲ್ಲದ ಆ ಸಾಧನೆಯೇ ಆತನಿಗೆ ಪೌರುಷದ ಆದರ್ಶವಾಗಿತ್ತು. 1911ರಲ್ಲಿ ಮೋರೀಸ್ ಬ್ರೊಕೊ ಎಂಬ ಸವಾರನು ತನ್ನ ಗೆಲುವಿನ ಆಸೆ ಮುಗಿದ ಮೇಲೆ ಬೇರೊಬ್ಬನಿಗೆ ಗಾಳಿ ಕಾಯಲು ಒಪ್ಪಿಕೊಂಡಾಗ, ದೆಗ್ರಾಂಜನು ಅವನನ್ನು ‘ದೊಮೆಸ್ತೀಕ್’, ಎಂದರೆ ಮನೆಯಾಳು, ಎಂದು ಹೀಯಾಳಿಸಿದನು. ಬೈಗುಳವಾಗಿ ಹುಟ್ಟಿದ ಆ ಪದವು ಇಂದು ಒಂದು ಹುದ್ದೆಯ ಹೆಸರು. 1927ರಲ್ಲಿ ದೆಗ್ರಾಂಜನು ಹೆಚ್ಚಿನ ಸಮತಟ್ಟಾದ ಹಂತಗಳಲ್ಲಿ ತಂಡಗಳನ್ನು ಕಾಲುಗಂಟೆಯ ಅಂತರದಲ್ಲಿ ಬೇರೆ ಬೇರೆಯಾಗಿ ಹೊರಡಿಸಿ ನೋಡಿದನು. ಅದೂ ಬಹುಕಾಲ ನಿಲ್ಲಲಿಲ್ಲ. 1929ರಲ್ಲಿ ಕಾಯಿಲೆ ಬಿದ್ದಿದ್ದ ಬೆಲ್ಜಿಯಮಿನ ಮೋರೀಸ್ ದ ವಾಲ್‌ನನ್ನು ಅವನ ಕಂಪನಿಯ ಸಂಗಡಿಗರು ಸುತ್ತುವರಿದು ಕಾಪಾಡಿ ಗೆಲ್ಲಿಸಿಬಿಟ್ಟಾಗ ದೆಗ್ರಾಂಜನ ಸಹನೆ ತೀರಿ, ಮರುವರ್ಷವೇ ಸೈಕಲ್ ಕಂಪನಿಗಳ ತಂಡಗಳನ್ನು ತೆಗೆದುಹಾಕಿ ದೇಶಗಳ ತಂಡಗಳನ್ನು ತಂದನು.

ಪರಿಣಾಮವೇನಾಯಿತು? ಕಂಪನಿಗಾಗಿ ಮಾಡುತ್ತಿದ್ದುದನ್ನು ದೇಶಕ್ಕಾಗಿ ಇನ್ನೂ ಹೆಚ್ಚಾಗಿ ಮಾಡಿದರು. 1934ರಲ್ಲಿ ಪಿರನೀಸ್ ಪರ್ವತದ ಇಳಿಜಾರಿನಲ್ಲಿ ಫ್ರಾನ್ಸಿನ ನಾಯಕ ಆಂತೊನೆನ್ ಮಾಞನ ಗಾಲಿ ಮುರಿದಾಗ, ಇಪ್ಪತ್ತರ ಹುಡುಗ ರೆನೆ ವಿಯೆತೊ ತನ್ನ ಮುಂದಿನ ಗಾಲಿಯನ್ನು ಬಿಚ್ಚಿಕೊಟ್ಟು, ರಸ್ತೆಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಅಳುತ್ತ ಬದಲಿ ಗಾಲಿಗಾಗಿ ಕಾದನು. ಮರುದಿನ ಮುಂದೆ ಹೋಗಿದ್ದವನು, ಮಾಞನಿಗೆ ಪುನಃ ಕೇಡಾಯಿತೆಂದು ಕೇಳಿ, ಬೆಟ್ಟವನ್ನು ಹಿಂದಿರುಗಿ ಹತ್ತಿ ಹೋಗಿ ಸಹಾಯ ಮಾಡಿದನು. ಮಾಞನು ಆ ಪಂದ್ಯವನ್ನು ಗೆದ್ದನು. ವಿಯೆತೊ ಐದನೆಯವನಾದನು, ಮುಂದೆಂದೂ ಅದನ್ನು ಗೆಲ್ಲಲಿಲ್ಲ. ಆ ಗೋಡೆಯ ಮೇಲಿನ ಹುಡುಗನ ಛಾಯಾಚಿತ್ರವನ್ನು ಜನರು ತ್ಯಾಗದ ಪ್ರತಿಮೆಯೆಂದು ಪೂಜಿಸಿದರು. ನನಗೆ ಅದರಲ್ಲಿ ಕಾಣುವುದು ಕೊಟ್ಟ ಸಂತೋಷವಲ್ಲ, ಕಿತ್ತುಕೊಂಡರೆಂಬ ದುಃಖ. ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನಿಡಬೇಕು: 1952ರಲ್ಲಿ ಇಟಲಿಯ ಫೌಸ್ತೊ ಕೊಪಿಯ ಊಳಿಗದವನಾದ ಆಂದ್ರೆಯ ಕರೇಯನು, ಎದುರಾಳಿಗಳ ಮೇಲೆ ಕಣ್ಣಿಡಲೆಂದು ಮುಂದಿನ ಗುಂಪಿನೊಡನೆ ಹೋಗಿ, ಲೊಸಾನ್ ನಗರ ತಲಪಿದಾಗ ಅಗ್ರಗಣ್ಯನ ಹಳದಿ ಅಂಗಿ ಅಕಸ್ಮಾತ್ತಾಗಿ ತನ್ನ ಹೆಗಲಿಗೇ ಬಿದ್ದದ್ದನ್ನು ಕಂಡು, ಒಡೆಯನಿಗೆ ಅಪಚಾರವಾಯಿತೆಂಬ ಭೀತಿಯಿಂದ ಅತ್ತನು. ಮರುದಿನವೇ ಆಲ್ಪ್ ದ್ಯುಎಸ್ ಏರಿನಲ್ಲಿ ಕೊಪಿ ಅದನ್ನು ತನ್ನದಾಗಿಸಿಕೊಂಡಾಗ ಇವನಿಗೆ ಸಮಾಧಾನ.

ನಮ್ಮ ಪ್ರಾಚೀನರಿಗೆ ಈ ಭಾವವು ಹೊಸದಲ್ಲ. ಉಂಡ ಅನ್ನದ ಋಣಕ್ಕಾಗಿ ಒಡೆಯನ ಕಾರ್ಯದಲ್ಲಿ ಮೈಯಿಡುವುದನ್ನು ಅವರು ಜೋಳವಾಳಿಯೆಂದರು. ಒಡೆಯನೊಡನೆಯೇ ಮಡಿಯುವ ಪ್ರತಿಜ್ಞೆಯನ್ನು ವೇಳೆವಾಳಿಯೆಂದರು. ಎರಡನೆಯ ವೀರಬಲ್ಲಾಳನಿಗಾಗಿ ತನ್ನವರೊಡನೆ ಪ್ರಾಣವಿತ್ತ ಕುವರಲಕ್ಷ್ಮನ ಕಂಬವು ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ವಿಯೆತೊ, ಕರೇಯರದು ಜೋಳವಾಳಿಯ ಲೆಕ್ಕ. ಗೆದ್ದವನ ಬಹುಮಾನದ ಹಣವನ್ನು ತಂಡದವರು ಹಂಚಿಕೊಳ್ಳುವ ಪದ್ಧತಿ ಆ ಲೆಕ್ಕಕ್ಕೆ ಸಾಕ್ಷಿ. ಹವ್ಯಾಸಿಯಾದರೋ ಯಾರ ಜೋಳವನ್ನೂ ಉಂಡವನಲ್ಲ. ಸೈಕಲ್ಲು ಅವನದು, ಟೈರು ಅವನದು, ಡೀಸೆಲ್ ಖರ್ಚು ಅವನದು, ಸೋಮವಾರದ ಮೈಕೈನೋವೂ ಅವನದೇ. ಅವನು ಪಕ್ಕಕ್ಕೆ ಸರಿದು ಇನ್ನೊಬ್ಬನಿಗೆ ದಾರಿ ಬಿಟ್ಟರೆ ಅದು ಯಾವ ಋಣದ ತೀರುವಳಿಯೂ ಅಲ್ಲ. ಅನುಕರಣವೆಂದು ನಗುವವರು ಗಮನಿಸದೆ ಹೋದ ಸಂಗತಿ ಇದು: ಕ್ರಿಯೆಯು ಅದೇ ಆದರೂ, ಸಂಬಳವನ್ನು ತೆಗೆದುಹಾಕಿದೊಡನೆ ಅದರ ಅರ್ಥವು ಬೇರೆಯಾಯಿತು.

ವಯಸ್ಸಿನ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮುದುಕರು ಆ ವಿಷಯವನ್ನು ಎತ್ತಿದರೆ ನಿಲ್ಲಿಸುವುದಿಲ್ಲ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಮೂವತ್ತು ತುಂಬಿದವನೇ ಮಾಸ್ಟರ್ಸ್ ಎಂಬ ಹಿರಿಯರ ವರ್ಗಕ್ಕೆ ಅರ್ಹನು, ಆದುದರಿಂದ ಈ ಹೆಸರಿನಲ್ಲಿ ಹರೆಯದವರೂ ಸೇರಿಕೊಳ್ಳುತ್ತಾರೆ. ನಮ್ಮ ಪಂದ್ಯವು 45 ದಾಟಿದವರದು. ಮೂವತ್ತರ ಬಳಿಕ ಆಮ್ಲಜನಕವನ್ನು ಬಳಸುವ ದೇಹದ ಗರಿಷ್ಠ ಸಾಮರ್ಥ್ಯವು ದಶಕಕ್ಕೆ ನೂರಕ್ಕೆ ಹತ್ತರಂತೆ ಇಳಿಯುವುದೆಂದೂ, ಬಿಡದೆ ಅಭ್ಯಾಸ ಮಾಡುವವರಲ್ಲಿ ಆ ಇಳಿತವು ಅರ್ಧದಷ್ಟಾಗಬಹುದೆಂದೂ ಸಾಮಾನ್ಯವಾದ ಅಂದಾಜು. ಆದರೆ ಎಲ್ಲವೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಸ್ನಾಯುವಿನಲ್ಲಿ ತಟ್ಟನೆ ಸಿಡಿಯುವ ಎಳೆಗಳು ಮೊದಲು ಕೃಶವಾಗುತ್ತವೆ, ನಿಧಾನವಾಗಿ ಬಹುಕಾಲ ದುಡಿಯುವ ಎಳೆಗಳು ಉಳಿಯುತ್ತವೆ. ಫ್ರಾನ್ಸಿನ ರೊಬೇರ್ ಮಾರ್ಶಾಂ 2017ರಲ್ಲಿ ತನ್ನ 105ನೆಯ ವಯಸ್ಸಿನಲ್ಲಿ ಒಂದು ಗಂಟೆಗೆ 22.547 ಕಿಲೋಮೀಟರ್ ತುಳಿದದ್ದು ಈ ಎರಡನೆಯ ಬಗೆಯ ಎಳೆಗಳ ಪ್ರತಾಪ. ಎಂದಮೇಲೆ, ಕೊನೆಯ ಇನ್ನೂರು ಮೀಟರಿನಲ್ಲಿ ಚಿಮ್ಮಿ ಗೆಲ್ಲುವ ಶಕ್ತಿಯು ನಮ್ಮಂಥವರಿಂದ ಮೊದಲು ತೊಲಗಿ, ಅದಕ್ಕೂ ಮುಂಚಿನ ಎರಡು ಕಿಲೋಮೀಟರ್ ಗಾಳಿಯನ್ನು ತಡೆಯುವ ಶಕ್ತಿಯು ಕಡೆಯವರೆಗೂ ನಿಲ್ಲುತ್ತದೆ. ಗೆಲ್ಲುವುದಕ್ಕಿಂತ ಗೆಲ್ಲಿಸುವುದಕ್ಕೇ ನಾವು ಹೆಚ್ಚು ಯೋಗ್ಯರೆಂದು ಶರೀರವೇ ನಿರ್ಣಯಿಸಿಬಿಟ್ಟಿದೆ.

ಕೊಡುವುದು ಹೀಗೆ ಸುಲಭವಾಯಿತು, ತೆಗೆದುಕೊಳ್ಳುವುದು ಸುಲಭವಲ್ಲ. ಮೂರು ವರ್ಷದ ಹಿಂದೆ ಒಂದು ಪಂದ್ಯವು ಏರಿನಲ್ಲಿ ಮುಗಿಯುವುದಿತ್ತು. ಐವರಲ್ಲಿ ನನ್ನ ತೂಕವೇ ಕಡಮೆಯಾದ್ದರಿಂದ, ಅಂದು ನನ್ನನ್ನು ಬೆಟ್ಟದ ಬುಡದವರೆಗೆ ಜತನದಿಂದ ತಲಪಿಸಬೇಕೆಂದು ಉಳಿದವರು ನಿರ್ಧರಿಸಿದರು. ಜಮಖಂಡಿಯ ಗೆಳೆಯರ ಬೆನ್ನ ಹಿಂದೆ ಹದಿನೈದು ಕಿಲೋಮೀಟರ್ ಹೋದೆನು. ಅವರ ಕತ್ತಿನ ಮೇಲೆ ಬೆವರು ಹರಿದು ಅಂಗಿಯ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಟ್ಟಿದ್ದನ್ನು ನೋಡುತ್ತ, ಅವರು ಪ್ರತಿ ಗುಂಡಿಗೂ ಬೆರಳು ತೋರಿ ಎಚ್ಚರಿಸುತ್ತಿದ್ದುದನ್ನು ನೋಡುತ್ತ, ನನಗೆ ಏನೂ ಆಯಾಸವಾಗದೆ ಇರುವುದೇ ಅಸಹ್ಯವಾಯಿತು. ನನಗಿಂತ ಐದು ವರ್ಷ ಹಿರಿಯರು. ಅವರನ್ನು ಗಾಣಕ್ಕೆ ಕಟ್ಟಿ ನಾನು ಮೇಲೆ ಕುಳಿತಂತಾಯಿತಲ್ಲ! ನಾನು ಮುಂದೆ ನುಗ್ಗಿ ಗಾಳಿಗೆ ಮುಖ ಕೊಟ್ಟು ಹತ್ತು ನಿಮಿಷ ಎಳೆದೆನು. ಬುಡ ತಲಪಿದಾಗ ನನ್ನ ಕಾಲು ಸತ್ತಿದ್ದವು. ಏರಿನಲ್ಲಿ ಹನ್ನೊಂದು ಮಂದಿ ನನ್ನನ್ನು ದಾಟಿ ಹೋದರು. ಅಂದು ನನ್ನ ಸೌಜನ್ಯಕ್ಕೆ ಅವರಿಂದ ಮೆಚ್ಚುಗೆಯನ್ನು ನಿರೀಕ್ಷಿಸಿದ್ದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅವರು ಮುಖ ಒರಸಿಕೊಳ್ಳುತ್ತ, “ಮಂದಿ ಕೊಟ್ಟದ್ದು ಹಿಂಗ ಚೆಲ್ಲಬಾರದ್ರಿ ಸರ,” ಎಂದಷ್ಟೇ ಹೇಳಿ ಸೈಕಲ್ಲನ್ನು ಗೋಡೆಗೆ ಒರಗಿಸಿದರು.

ಆ ಮಾತನ್ನು ಬಹಳ ದಿನ ಮೆಲುಕು ಹಾಕಿದ್ದೇನೆ. ನಾನು ಮುಂದೆ ನುಗ್ಗಿದ್ದು ಔದಾರ್ಯದಿಂದಲ್ಲ, ಋಣಕ್ಕಂಜಿ. ಇನ್ನೊಬ್ಬರ ಕಷ್ಟವನ್ನು ಸ್ವೀಕರಿಸುವವನು ಅದನ್ನು ಸಾರ್ಥಕಗೊಳಿಸುವ ಹೊಣೆಯನ್ನೂ ಸ್ವೀಕರಿಸಬೇಕಾಗುತ್ತದೆ. ಸೋತರೆ ನಾಲ್ವರ ಮುಂದೆ ತಲೆ ತಗ್ಗಿಸಬೇಕು. ಆ ಹೊಣೆಯಿಂದ ತಪ್ಪಿಸಿಕೊಳ್ಳುವುದಕ್ಕೆ ಸ್ವಂತ ಬಳಲಿಕೆಯಷ್ಟು ಒಳ್ಳೆಯ ಅಡಗುದಾಣ ಇನ್ನೊಂದಿಲ್ಲ. ‘ನಾನೂ ಕಷ್ಟಪಟ್ಟೆ’ ಎಂದುಬಿಟ್ಟರೆ ಯಾರೂ ಪ್ರಶ್ನಿಸುವಂತಿಲ್ಲ. ನೋವನ್ನು ಪೂಜಿಸುವ ಮತದ ಮೇಲೆ ನನಗಿರುವ ಅನುಮಾನದ ಮೂಲವು ಇದೇ. ಅದು ಸಂಕಟವನ್ನು ಖಾಸಗಿ ಆಸ್ತಿಯನ್ನಾಗಿ ಮಾಡುತ್ತದೆ. ತಂಡದ ತಂತ್ರವು ಅದನ್ನು ಐವರ ನಡುವೆ ಚಲಾವಣೆಯಾಗುವ ನಾಣ್ಯವನ್ನಾಗಿ ಮಾಡುತ್ತದೆ. ಸುಮ್ಮನೆ ಬಳಲುವವನು ಆ ನಾಣ್ಯವನ್ನು ಹುಗಿದಿಟ್ಟ ಜಿಪುಣನಂತೆ. ಹಾಗೆ ಹುಗಿದಿಟ್ಟರೆ ಮೊದಲ ಆಕ್ಷೇಪಣೆ ನಿಜವಾಗುತ್ತದೆ, ಅದು ವಿಲಾಸವೇ ಸರಿ.

ತಂತ್ರವೆಂಬುದು ಎಲ್ಲವೂ ದಾನಧರ್ಮವಲ್ಲ. ಅದರಲ್ಲಿ ಕಪಟವೂ ಉಂಟು, ಅದನ್ನು ಮುಚ್ಚಿಡಲಾರೆನು. ಕಳೆದ ಆಷಾಢದಲ್ಲಿ ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ, ಮಾಕಳಿದುರ್ಗದ ತಪ್ಪಲನ್ನು ಹಾದು ಹೋಗಿ ಹಿಂದಿರುಗುವ 60 ಕಿಲೋಮೀಟರಿನ ಪಂದ್ಯವನ್ನೇ ನೋಡಿ. ಹದಿನೆಂಟನೆಯ ಕಿಲೋಮೀಟರಿನಲ್ಲಿ ಬೇರೆ ತಂಡದ ಇಬ್ಬರು ಗುಂಪನ್ನು ಬಿಟ್ಟು ಓಡಿದರು. ಬೀಜಗೊಬ್ಬರದ ಅಂಗಡಿ ನಡೆಸುವ ನಮ್ಮವರೊಬ್ಬರು ತಟ್ಟನೆ ಅವರ ಗಾಲಿ ಹಿಡಿದು ಹೋದರು. ಆ ಕ್ಷಣದಿಂದ ನಮ್ಮ ಕರ್ತವ್ಯವು ಏನೂ ಮಾಡದಿರುವುದಾಯಿತು. ಬೆನ್ನಟ್ಟುವ ಕಷ್ಟವು ಮುಂದೆ ತಮ್ಮವರಾರೂ ಇಲ್ಲದ ತಂಡಗಳದು. ನಾವು ಅವರ ನೆರಳಿನಲ್ಲಿ ಪುಕ್ಕಟೆಯಾಗಿ ಹೋಗಬಹುದು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಇನ್ನೊಬ್ಬ ಸದಸ್ಯರು, ಜೀವಮಾನವೆಲ್ಲ ಸಾಲದ ಅರ್ಜಿಗಳನ್ನು ವಿಳಂಬಿಸಿದ ಅನುಭವವನ್ನು ಒಟ್ಟುಗೂಡಿಸಿದಂತೆ, ಗುಂಪಿನ ಮುಂದಕ್ಕೆ ಹೋಗಿ, ಬಹಳ ದುಡಿಯುತ್ತಿರುವವರಂತೆ ತಲೆ ಬಗ್ಗಿಸಿ, ಎರಡು ಕಿಲೋಮೀಟರ್ ವೇಗ ಕಡಮೆಮಾಡಿಬಿಟ್ಟರು. ಹಿಂದಿನಿಂದ ಒಬ್ಬನು ಕೂಗಿದನು: “ಏನ್ ಸಾರ್, ಮೆರವಣಿಗೆನಾ?” ಇದು ನ್ಯಾಯವೆ? ನ್ಯಾಯವೆಂದೇ ನನ್ನ ಮತ. ಹಿಂದೆ ಕುಳಿತು ಬಂದು ಕೊನೆಗೆ ಗೆಲ್ಲುವವನನ್ನು ಗಾಲಿ ಹೀರುವವನೆಂದು ಬಯ್ಯುವವರು, ಚದುರಂಗದಲ್ಲಿ ಎದುರಾಳಿ ತನ್ನ ಆನೆಯನ್ನು ಬಿಟ್ಟುಕೊಡಲಿಲ್ಲವೆಂದು ಬಯ್ಯುವವರಂತೆ. ಎದುರಾಳಿಯಿಂದ ಗಾಳಿಯನ್ನು ಕದಿಯುವುದು ಆಟ. ಅದನ್ನೇ ಸಂಗಡಿಗನಿಂದ ಕದ್ದರೆ ದ್ರೋಹ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬೇರೆಯುಂಟು. ತಂಡಕ್ಕಾಗಿ ತನ್ನನ್ನು ತೆತ್ತುಕೊಳ್ಳುವುದೇ ಶ್ರೇಷ್ಠವೆಂದರೆ, ಅಮೆರಿಕದ ಅಂಚೆ ಇಲಾಖೆಯ ಹೆಸರಿನ ತಂಡದಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನಿಗಾಗಿ ದುಡಿದವರ ವಿಷಯವೇನು? 2012ರಲ್ಲಿ ಆ ದೇಶದ ಉದ್ದೀಪನಮದ್ದು ನಿಗ್ರಹ ಸಂಸ್ಥೆಯ ಮುಂದೆ ಅವನ ಹಿಂದಿನ ಸಂಗಡಿಗರು ಹನ್ನೊಂದು ಮಂದಿ ಸಾಕ್ಷ್ಯ ನುಡಿದರು. ನಾಯಕನಿಗೆ ಕಾಲುಗಳನ್ನು ಕೊಟ್ಟವರಲ್ಲಿ ಹಲವರು ರಕ್ತನಾಳಗಳನ್ನೂ ಮನಸ್ಸಾಕ್ಷಿಯನ್ನೂ ಕೊಟ್ಟಿದ್ದರೆಂಬುದು ಹೊರಬಿತ್ತು. ಒಬ್ಬನಿಗಾಗಿ ಬಳಲುವ ಅಭ್ಯಾಸವು ಒಬ್ಬನಿಗಾಗಿ ಸುಳ್ಳಾಡುವ ಅಭ್ಯಾಸಕ್ಕೆ ಅಷ್ಟೇನೂ ದೂರವಲ್ಲ. ಹವ್ಯಾಸಿಗಳು ಇದಕ್ಕೆ ಹೊರತೆಂದು ಬೀಗುವಂತೆಯೂ ಇಲ್ಲ; ಅದೇ ವರ್ಷ ನ್ಯೂಯಾರ್ಕಿನ ಹವ್ಯಾಸಿ ಪಂದ್ಯವೊಂದರಲ್ಲಿ ಇಬ್ಬರು ರಕ್ತಕಣಗಳನ್ನು ಹೆಚ್ಚಿಸುವ ಮದ್ದು ಬಳಸಿ ಸಿಕ್ಕಿಬಿದ್ದರು. ನನ್ನ ಉತ್ತರವು ಪೂರ್ಣವಾದದ್ದಲ್ಲ, ಆದರೂ ಹೇಳುತ್ತೇನೆ. ಜೋಳವಾಳಿಯಲ್ಲಿ ‘ಒಲ್ಲೆ’ನೆಂದವನ ಜೋಳವು ನಿಲ್ಲುತ್ತದೆ, ನಮ್ಮಲ್ಲಿ ‘ಒಲ್ಲೆ’ನೆಂದವನು ಮನೆಗೆ ಹೋಗಿ ಮಕ್ಕಳೊಡನೆ ಕುಳಿತು ದೋಸೆ ತಿನ್ನಬಹುದು. ಪ್ರತಿ ಭಾನುವಾರವೂ ಹಾಗೆ ಹೋಗಬಹುದಾಗಿದ್ದೂ ಹೋಗದವನು ಕೊಡುವುದಕ್ಕೆ ಮಾತ್ರ ದಾನವೆಂಬ ಹೆಸರು ಸಲ್ಲುತ್ತದೆ.

ಪಂದ್ಯದ ಮಾತಿಗೆ ಬರೋಣ. ಓಡಿದ್ದ ಮೂವರೂ ನಲವತ್ತೆರಡನೆಯ ಕಿಲೋಮೀಟರಿನಲ್ಲಿ ಸಿಕ್ಕಿದರು. ಹಿಂದಿರುಗುವಾಗ ನಾವು ದಕ್ಷಿಣಾಭಿಮುಖವಾಗಿದ್ದುದರಿಂದ ಪಡುವಣ ಗಾಳಿಯು ಬಲಗಡೆಯಿಂದ ಹೊಡೆಯುತ್ತಿತ್ತು. ಅಡ್ಡಗಾಳಿಯಲ್ಲಿ ಆಸರೆಯು ನೇರ ಹಿಂದೆ ದೊರೆಯುವುದಿಲ್ಲ, ಎಡಕ್ಕೆ ಓರೆಯಾಗಿ ದೊರೆಯುತ್ತದೆ. ರಸ್ತೆಯ ನಮ್ಮ ಪಾಲಿನ ಅಗಲದಲ್ಲಿ ಓರೆಸಾಲಾಗಿ ಏಳೆಂಟು ಮಂದಿಗಷ್ಟೇ ಜಾಗ. ಉಳಿದವರು ಎಡದಂಚಿನ ಮಣ್ಣಿನ ಮೇಲೆ ಸರತಿಯಲ್ಲಿ ಗಾಳಿಗೆ ಸಿಕ್ಕಿ, ಒಬ್ಬೊಬ್ಬರಾಗಿ, ದಾರ ಹರಿದ ಮಣಿಗಳಂತೆ ಉದುರಿದರು. ನಲವತ್ತು ಮಂದಿಯಲ್ಲಿ ಇಪ್ಪತ್ತನಾಲ್ವರು ಉಳಿದೆವು. ನಮ್ಮ ದಂತವೈದ್ಯರಿಗೆ ಇನ್ನೂ 47, ಅವರ ತೊಡೆಗಳಲ್ಲಿ ಆ ಸಿಡಿಯುವ ಎಳೆಗಳು ಇನ್ನೂ ಬದುಕಿವೆ; ಅವರನ್ನು ಕೊನೆಗೆ ತಲಪಿಸುವುದು ನನ್ನ ಕೆಲಸ. ಮೂರು ಕಿಲೋಮೀಟರ್ ಇರುವಾಗ ದಾರಿ ತಿರುಗಿ ಗಾಳಿ ಮೂಗಿಗೆ ಬಂದಿತು, ಜಮಖಂಡಿಯವರು ಮೊಣಕೈ ಅಲ್ಲಾಡಿಸಿ ಸರಿದರು, ನಾನು ಮುಂದಾದೆನು.

ಆ ನಾಲ್ಕು ನಿಮಿಷದಲ್ಲಿ ಕಂಡದ್ದು ಬಹಳ ಅಲ್ಪ. ಬಾಯಲ್ಲಿ ತುಕ್ಕಿನ ರುಚಿ, ಕಣ್ಣಿನಲ್ಲಿ ಉಪ್ಪು, ಬಿಳಿಯ ಗೆರೆ, ಒಂದು ಸೀಳಿದ ಚಪ್ಪಲಿ, ಮತ್ತೆ ಬಿಳಿಯ ಗೆರೆ. 220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತವೆಂದು ಹೇಳುವ ಒರಟು ಸೂತ್ರದ ಪ್ರಕಾರ ನನ್ನದು 167ಕ್ಕೆ ನಿಲ್ಲತಕ್ಕದ್ದು. ಮಣಿಕಟ್ಟಿನ ಯಂತ್ರವು 171 ಎಂದಿತು. ಹಿಂದಿರುಗಿ ನೋಡುವಂತಿರಲಿಲ್ಲ. ಆದರೆ ಕೇಳಿಸುತ್ತಿತ್ತು: ತುಳಿಯುವುದನ್ನು ನಿಲ್ಲಿಸಿದಾಗ ಹಿಂದಿನ ಗಾಲಿಯ ಗುಂಬದಲ್ಲಿ ಟಿಕಿಟಿಕಿಯೆಂದು ಸದ್ದಾಗುತ್ತದಲ್ಲ, ಆ ಸದ್ದು ನನ್ನ ಬೆನ್ನಿಗೆ ಒಂದು ಮೊಳ ಹಿಂದೆ ಆಗಾಗ ಬರುತ್ತಿತ್ತು. ನಾನು ಎದೆಯೊಡೆದು ತುಳಿಯುತ್ತಿರುವಾಗ ಡಾಕ್ಟರು ತುಳಿಯುತ್ತಲೇ ಇರಲಿಲ್ಲ! ಇನ್ನೊಬ್ಬರ ವಿಶ್ರಾಂತಿಯನ್ನು ಕಿವಿಯಿಂದ ಕೇಳುವುದು ಬೇರೆಲ್ಲಿಯೂ ಸಾಧ್ಯವಿಲ್ಲವೇನೋ. ಹಿಂದೊಮ್ಮೆಯಾಗಿದ್ದರೆ ಆ ಸದ್ದಿಗೆ ನನಗೆ ಸಿಟ್ಟು ಬರುತ್ತಿತ್ತು. ಅಂದು, ಅದು ನಿಂತರೆ ಮಾತ್ರ ಗಾಬರಿಯಾಗುತ್ತಿತ್ತು: ನನ್ನ ಮರೆಯಿಂದ ಅವರು ಹೊರಬಿದ್ದರೋ, ಗಾಳಿ ತಗಲಿತೋ ಎಂದು.

ಒಂದು ಮೋರಿಯ ಬಳಿ ನನ್ನ ಕಾಲು ಮುಗಿಯಿತು, ಪಕ್ಕಕ್ಕೆ ಸರಿದೆನು. ಗುಂಪು ಹಾವಿನಂತೆ ಸುಯ್ಯೆಂದು ದಾಟಿ ಹೋಯಿತು. ದಂತವೈದ್ಯರು ಅರ್ಧ ಗಾಲಿಯ ಅಂತರದಲ್ಲಿ ಮೂರನೆಯವರಾದರು.

ಆಮೇಲೆ ಹೋಟೆಲಿನಲ್ಲಿ ಇಡ್ಲಿ ಬರುವುದಕ್ಕೆ ಮುಂಚೆಯೇ ಅವರು ಶುರುಮಾಡಿದರು: “ಸಾರ್, ಇನ್ನೂರು ಮೀಟರ್ ಮುಂಚೆ ಸರಿದುಬಿಟ್ರಿ. ಇನ್ನೊಂದು ಹತ್ತು ಸೆಕೆಂಡ್ ಇದ್ದಿದ್ರೆ ಗೆದ್ದುಬಿಡ್ತಿದ್ದೆ.” ಕೃತಜ್ಞತೆಯ ಸುಳಿವೇ ಇಲ್ಲದ ಆ ದೂರನ್ನು ಕೇಳಿ ನನಗೆ ವಿಚಿತ್ರವಾದ ಸಂತೋಷವಾಯಿತು, ನಾನು ಕೊಟ್ಟದ್ದನ್ನು ಅವರು ಚೆಲ್ಲಿರಲಿಲ್ಲ, ಕಡೆಯ ಹನಿಯವರೆಗೆ ಬಳಸಿ ಇನ್ನೂ ಬೇಕೆನ್ನುತ್ತಿದ್ದರು. ಆದರೂ ಬಿಟ್ಟುಕೊಡುವುದುಂಟೆ? “ಡಾಕ್ಟ್ರೆ, ನಾನು ಸರಿದದ್ದು ಮೋರಿ ದಾಟಿದ ಮೇಲೆ,” ಎಂದೆನು. ಅವರು ಸಾಂಬಾರಿನ ಬಟ್ಟಲನ್ನು ಮೇಜಿನ ಅಂಚಿಗಿಟ್ಟು ಅದು ಗುರಿಯೆಂದರು. ಒಂದು ಉದ್ದಿನ ವಡೆಯನ್ನು ಅದರಿಂದ ಮೊಳದಷ್ಟು ದೂರವಿಟ್ಟು ಅದೇ ನೀವು ಸರಿದ ಜಾಗವೆಂದರು. ನಾನು ವಡೆಯನ್ನು ನಾಲ್ಕು ಬೆರಳಷ್ಟು ಬಟ್ಟಲಿನ ಕಡೆಗೆ ತಳ್ಳಿದೆನು. ಅವರು ಮೂರು ಬೆರಳು ಹಿಂದಕ್ಕೆಳೆದರು. ಬ್ಯಾಂಕಿನವರು ಎರಡೂ ಕಡೆಯ ವಾದವನ್ನು ಆಲಿಸುವವರಂತೆ ಕನ್ನಡಕ ಸರಿಪಡಿಸಿಕೊಂಡರು. ಜಮಖಂಡಿಯ ಗೆಳೆಯರು ಸ್ವಲ್ಪ ಹೊತ್ತು ನೋಡುತ್ತಿದ್ದು, ಯಾರನ್ನೂ ಕೇಳದೆ ಆ ವಡೆಯನ್ನು ಎತ್ತಿ, ಬಟ್ಟಲಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡರು.